ಗೋಡೆಯಲ್ಲಿ ಬಿಟ್ಟ ಕಿಂಡಿ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಪೀಣ್ಯಕ್ಕೆ ಬಂದು ಶೆಡ್ ಹಾಕುವವರು ಮೊದಲು ಮೆಷಿನ್ ಕೊಳ್ಳುತ್ತಿದ್ದರು, ಎಲ್ಲಿಡುವುದೆಂದು ಆಮೇಲೆ ತಲೆ ಕೆರೆದುಕೊಳ್ಳುತ್ತಿದ್ದರು. ಅಂಥವರಿಗೆ ಲೇಔಟ್ ಹಾಕಿಕೊಡುವುದು ನನ್ನ ಕೆಲಸ. ಹೋಟೆಲಾದರೆ ಬಿಸಿ ಇಡ್ಲಿ ಬರುವ ದಾರಿಯಲ್ಲಿ ಎಂಜಲು ತಟ್ಟೆ ಹೋಗಬಾರದು. ಗಾರ್ಮೆಂಟ್ಸಾದರೆ ಈ ತುದಿಯಿಂದ ಒಳಬಂದ ಬಟ್ಟೆ ಆ ತುದಿಯಿಂದ ಅಂಗಿಯಾಗಿ ಹೊರಡಬೇಕು. ಮಾಲು ಸುಮ್ಮನೆ ಸುತ್ತಾಡಬಾರದು, ಅಷ್ಟೇ. ಇಷ್ಟು ಹೇಳುವುದಕ್ಕೂ ಜನ ದುಡ್ಡು ಕೊಡುತ್ತಾರಲ್ಲ ಎಂದು ಅಣ್ಣ ನಗುತ್ತಿದ್ದ.

ಅಪ್ಪ ಬಿಟ್ಟುಹೋದ ಶೆಡ್ ನಮಗೂ ಒಂದಿತ್ತು. ಹಗಲು ಅಣ್ಣನೂ ನಾನೂ ಅಲ್ಲೇ ದುಡಿಯುತ್ತಿದ್ದೆವು, ಸಂಜೆ ನಾನು ಊರವರ ಲೇಔಟ್ ಮಾಡುತ್ತಿದ್ದೆ. ನಮ್ಮ ಶೆಡ್ಡಿನಲ್ಲಿ ಮಾತ್ರ ಕಬ್ಬಿಣ ಕಡೆಯುವ ಅಪ್ಪನ ಹಳೆಯ ಲೇತು ಬಾಗಿಲಿಗೆ ಅಡ್ಡ ಕೂತಿತ್ತು. ರಾಡು ಹೊತ್ತು ಬರುವವರೆಲ್ಲ ಅದನ್ನು ಸುತ್ತಿಕೊಂಡೇ ಹೋಗಬೇಕು. ಹಿಂದಕ್ಕೆ ಸರಿಸೋಣ ಎಂದೆ.

"ಅಪ್ಪ ಇಟ್ಟಿದ್ದ ಜಾಗ ಕಣೋ ಅದು. ಮುಟ್ಟಿದ್ರೆ ಸರಿಯಿರಲ್ಲ" ಎಂದ ಅಣ್ಣ.

ನಾನು ಹೇಳಿದ್ದೇ ಸರಿ ಎಂದು ಈಗಲೂ ಹೇಳುತ್ತೇನೆ. ಆದರೆ ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಎಷ್ಟೋ ವರ್ಷಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಲ್ಲ ಹೊರಬಿತ್ತು. ಕೊನೆಗೆ ಪಾಲಾಗೋಣ ಎಂದವನು ಅವನು, ಆಗಲಿ ಎಂದವನು ನಾನು. "ಹುಟ್ತಾ ಅಣ್ಣತಮ್ಮಂದಿರು, ಬೆಳೀತಾ ದಾಯಾದಿಗಳು ಅಂತ ಸುಮ್ನೆ ಅಂತಾರಾ?" ಎಂದು ಅಮ್ಮ ಕಣ್ಣೊರೆಸಿಕೊಂಡಳು.

ಶೆಡ್ಡಿನ ನಡುವೆ ಗೋಡೆ ಏಳಬೇಕು, ಅದಕ್ಕೆ ಗೆರೆ ಎಳೆಯಬೇಕಾದವನೂ ನಾನೇ. ಲೇತುಗಳನ್ನೂ ಡ್ರಿಲ್ಲನ್ನೂ ಅಣ್ಣನ ಕಡೆಗೆ ಹಾಕಿದೆ, ಗ್ರೈಂಡಿಂಗ್ ಮೆಷಿನ್ ನನ್ನ ಕಡೆಗೆ. ಬೇಕೆಂದೇ ಹಾಗೆ ಹಂಚಿದ್ದು. ಅವನು ಕಡೆದ ಪೀಸುಗಳಿಗೆ ನಾನು ಗ್ರೈಂಡಿಂಗ್ ಮಾಡಿ ನುಣುಪು ಕೊಡದೆ ಯಾವ ಗಿರಾಕಿಯೂ ಮುಟ್ಟುತ್ತಿರಲಿಲ್ಲ. ಮನಸ್ಸು ಮುರಿದರೂ ಕೆಲಸವಾದರೂ ನಮ್ಮನ್ನು ಕಟ್ಟಿಹಾಕಲಿ ಎಂಬ ಆಸೆ. ಅಣ್ಣನನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಮಾಲು ರಸ್ತೆ ಸುತ್ತಿ ಬರುವುದು ಬೇಡ, ಗೋಡೆಯಲ್ಲಿ ಬಾಗಿಲು ಬಿಡೋಣ ಎಂದೆ.

"ಬಾಗ್ಲು ಬೇಡ. ಟ್ರೇ ಹಿಡಿಸೋಷ್ಟು ಕಿಂಡಿ ಸಾಕು."

ಸೊಂಟದ ಎತ್ತರಕ್ಕೆ ಕಿಂಡಿ ಬಿಟ್ಟೆವು. ಅದರಲ್ಲಿ ಅಣ್ಣನ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ಮೊದಮೊದಲು ಟ್ರೇ ಬರುತ್ತಿತ್ತು, ಮಾತಿಲ್ಲ. ಆಮೇಲೆ "ಒಂಚೂರು ದಪ್ಪ ಬಂದಿದೆ, ನೋಡ್ಕೋ" ಎಂಬ ಮಾತು ಬಂತು. ಒಂದು ಮಧ್ಯಾಹ್ನ ಟ್ರೇಯಲ್ಲಿ ಪೀಸುಗಳ ಪಕ್ಕ ಟೀ ಲೋಟವೂ ಬಂತು. ಆ ವರ್ಷದ ಆಯುಧಪೂಜೆಗೆ ಮಂಗಳಾರತಿ ತಟ್ಟೆ ಅದೇ ಕಿಂಡಿಯಿಂದ ಬಂದಾಗ, ಇನ್ನೇನು, ಗೋಡೆ ಒಡೆಸುವ ದಿನ ದೂರವಿಲ್ಲ ಎಂದು ಹಿಗ್ಗಿಹೋದೆ.

ಮರುವರ್ಷ ಆಯುಧಪೂಜೆಯ ಹಿಂದಿನ ದಿನ ಕಿಂಡಿಯಿಂದಲೇ ಕರೆದ. "ಹೊಸ ಮೆಷಿನ್ ಬರ್ತಿದೆ ಕಣೋ. ಸಂಜೆ ಬಂದು ಜಾಗ ಸರಿ ಇದ್ಯಾ ನೋಡ್ಬಿಡು."

ರಸ್ತೆ ಸುತ್ತಿ ಹೋದೆ. ಗೋಡೆ ಎದ್ದ ಮೇಲೆ ಆ ಕಡೆ ಕಾಲಿಟ್ಟಿದ್ದು ಅದೇ ಮೊದಲು. ಬಾಗಿಲಲ್ಲಿ ಅಡ್ಡವೇನೂ ಇರಲಿಲ್ಲ. ಅಪ್ಪನ ಲೇತು ಹಿಂದಕ್ಕೆ, ನಾನು ಅಂದು ತೋರಿಸಿದ್ದ ಮೂಲೆಗೇ ಹೋಗಿತ್ತು. "ನೀನು ಹೇಳ್ದಂಗೇ ಮಾಡಿದೀನಿ" ಎಂದ ಅಣ್ಣ. ಅವನ ದನಿಯಲ್ಲಿ ವ್ಯಂಗ್ಯ ಹುಡುಕಿದೆ, ಇರಲಿಲ್ಲ.

ಹೊಸದು ಗ್ರೈಂಡಿಂಗ್ ಮೆಷಿನ್. ಕಿಂಡಿಗೆ ಬೆನ್ನು ಕೊಟ್ಟು, ಗೋಡೆಗೆ ಒತ್ತಿ ಕೂರಿಸಿದ್ದ. ರಾಡು ಬಾಗಿಲಿನಿಂದ ಬಂದು, ಲೇತು ದಾಟಿ, ಡ್ರಿಲ್ ದಾಟಿ, ನೇರ ಅಲ್ಲಿಗೆ. ಮಾಲು ಎಲ್ಲೂ ಸುತ್ತಾಡುವಂತಿರಲಿಲ್ಲ, ನನ್ನ ಕಡೆಗೂ ಬರಬೇಕಾಗಿರಲಿಲ್ಲ. ನಾನಾಗಿದ್ದರೂ ಅಲ್ಲೇ ಇಡಿಸುತ್ತಿದ್ದೆ.

"ಸರಿ ಇದ್ಯೇನೋ?"

"ಸರಿಯಾಗಿದೆ ಅಣ್ಣ."

ಅವನ ಮುಖದಲ್ಲಿ ನೆಮ್ಮದಿ ಕಂಡಿತು. ಟೀ ಕುಡಿದು ಹೋಗು ಎಂದ, ಕೆಲಸವಿದೆ ಎಂದು ಸುಳ್ಳು ಹೇಳಿದೆ. ಮತ್ತೆ ರಸ್ತೆ ಸುತ್ತಿ ನನ್ನ ಶೆಡ್ಡಿಗೆ ಬಂದರೆ ಕಿಂಡಿಯ ತುಂಬ ಆ ಮೆಷಿನ್ನಿನ ಹಸಿರು ಬಣ್ಣದ ಕಬ್ಬಿಣ. ಅದರ ಮುಂದೆ ನಿಂತು ಅತ್ತುಬಿಟ್ಟೆ.