ಜಲಪಾತಕ್ಕೆ ನೀರು ಹೊರುವವರುಂಟೇ

ಆ ಶನಿವಾರ ನನಗೆ ಇದ್ದದ್ದು ಒಂದೇ ಆಸೆ. ಹನ್ನೆರಡು ವರ್ಷದ ಮಗಳ ಎದುರು ಒಮ್ಮೆಯಾದರೂ ದೊಡ್ಡ ಜನ ಅನಿಸಿಕೊಳ್ಳಬೇಕು. ಅವಳಿಗೆ ಗೊತ್ತಿರುವ ನಾನು, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಪೇಂಟ್ ಗೋದಾಮಿನಿಂದ ಸಂಜೆ ಏಳಕ್ಕೆ ಮನೆಗೆ ಬಂದು, ಸೋಫಾದ ಮೇಲೆ ಬಾಯಿ ತೆರೆದು ಮಲಗುವ ಮನುಷ್ಯ. ಊರಲ್ಲಿ ಜಲಪಾತದ ನೆತ್ತಿಯಿಂದ ಗುಂಡಿಗೆ ಹಾರುತ್ತಿದ್ದೆ ಎಂದು ವರ್ಷಗಳಿಂದ ಕೊಚ್ಚಿಕೊಳ್ಳುತ್ತ ಬಂದಿದ್ದೆ. ಹಾರುತ್ತಿದ್ದದ್ದು ಬೇರೆಯವರು. ನಾನು ಬಂಡೆಯ ಮೇಲೆ ಕೂತು ಅವರ ಬಟ್ಟೆ ಕಾಯುತ್ತಿದ್ದೆ. ಅದನ್ನೆಲ್ಲ ಮಗುವಿಗೆ ಯಾಕೆ ಹೇಳಬೇಕು?

ಚಳಿಗಾಲದ ಮಳೆ ನಿಂತು ವಾರವಾಗಿತ್ತು. ಹತ್ತಾ ಕಡೆಯ ಬೆಟ್ಟಗಳ ನಡುವಿನ ಒಂದು ವಾದಿಯಲ್ಲಿ, ಅಂದರೆ ವರ್ಷದ ಹೆಚ್ಚು ಕಾಲ ಒಣಗಿಯೇ ಇರುವ ಹೊಳೆಯಲ್ಲಿ, ಜಲಪಾತ ಧುಮುಕುತ್ತಿದೆ ಎಂದು ನಮ್ಮ ಗೋದಾಮಿನ ಉಡುಪಿ ಗೆಳೆಯನಿಗೆ ಯಾರೋ ವಿಡಿಯೊ ಕಳಿಸಿದ್ದರು. ಹೋಗುವುದೆಂದಾಯಿತು. ಕಾರು ಅವನದು, ಕೋಳಿ ಸುಕ್ಕ ಮತ್ತು ನೀರುದೋಸೆಯೂ ಅವನದೇ. ಇನ್ನೊಬ್ಬ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಬ್ಯಾರಿ ಗೆಳೆಯ. ಅವನ ಕಿಡ್ನಿಯಲ್ಲಿ ಕಲ್ಲು. ದಿನಕ್ಕೆ ಮೂರು ಲೀಟರ್ ನೀರು ತಪ್ಪಿಸಬೇಡ ಎಂದು ಡಾಕ್ಟರು ತಾಕೀತು ಮಾಡಿದ್ದರು. ನಾಲ್ಕನೆಯವಳು ನನ್ನ ಮಗಳು. ನನ್ನ ಜೊತೆ ಹೀಗೆ ಹೊರಟದ್ದು ಅದೇ ಮೊದಲು.

ಬೆಳಿಗ್ಗೆ ಆರಕ್ಕೆ ದುಬೈಯ ಊದ್ ಮೇಥಾದಿಂದ ಹೊರಟು ವಾದಿಯ ಬಾಯಿಗೆ ಬಂದೆವು. ಹೊರೆ ಹಂಚಿಕೆಯಾಯಿತು. ಉಡುಪಿಯವನಿಗೆ ಸುಕ್ಕದ ಪಾತ್ರೆ, ಬ್ಯಾರಿ ಗೆಳೆಯನಿಗೆ ದೋಸೆಯ ಡಬ್ಬಿ, ಚಾಪೆ. ನೀರಿನ ಕಾರ್ಟನ್ ನನಗೆ. ಹನ್ನೆರಡು ಬಾಟಲಿ. ಎತ್ತಿ ನೋಡಿದೆ. ಸೊಂಟ ಬೇಡ ಅಂದಿತು.

ಆಗ ನನ್ನ ಕರಾವಳಿಯ ತಲೆ ಓಡಿತು. ನಮ್ಮಲ್ಲಿ ಜಲಪಾತ ನೋಡಲು ಹೋಗುವವ ನೀರು ಹೊತ್ತದ್ದನ್ನು ನಾನು ಕಂಡಿಲ್ಲ. ಬೊಗಸೆ ಒಡ್ಡಿದರೆ ಸಾಕು, ಹಲ್ಲು ಜುಮ್ಮೆನ್ನುವ ನೀರು. ಅಲ್ಲೇ ಧೋ ಎಂದು ಸುರಿಯುತ್ತಿರುವಾಗ ಇಲ್ಲಿಂದ ಹೊರುವವ ಮಂಕನೇ ಸರಿ. ಯಾರೂ ನೋಡದ ಹಾಗೆ ಕಾರ್ಟನ್ನನ್ನು ಹಿಂದಿನ ಸೀಟಿನ ಕೆಳಗೆ ತಳ್ಳಿ, ಬ್ಯಾಗಿಗೆ ಎರಡು ಟವೆಲ್ ತುರುಕಿ ಬೆನ್ನಿಗೇರಿಸಿದೆ. ಬ್ಯಾಗು ದಪ್ಪವಾಗಿಯೇ ಕಂಡಿತು. ಇಂಥ ವಿಷಯದಲ್ಲಿ ಮಾತ್ರ ನನಗೆ ಬುದ್ಧಿ ಬೇಗ ಬರುತ್ತದೆ.

"ಯಲ್ಲಾ, ನನ್ನ ಹಿಂದೆ ಬನ್ನಿ!" ಎಂದು ಮುಂದೆ ನಡೆದೆ. ಮೊದಲ ಅರ್ಧ ಗಂಟೆ ಬಂಡೆಯಿಂದ ಬಂಡೆಗೆ ಹಾರಿದೆ. ಮಗಳು ಫೋಟೊ ತೆಗೆದಳು. ಆಮೇಲೆ ಬಿಸಿಲೇರಿತು. ಕೈಯಲ್ಲಿದ್ದ ಸಣ್ಣ ಬಾಟಲಿಗಳು ಖಾಲಿಯಾದವು. ಬ್ಯಾರಿ ಗೆಳೆಯ ನೀರು ಕೇಳಿದಾಗ, "ಇನ್ನು ಹತ್ತೇ ನಿಮಿಷ, ಅಲ್ಲೇ ಕುಡಿಯುವ" ಎಂದೆ. ಆ ಹತ್ತು ನಿಮಿಷ ಒಂದೂವರೆ ಗಂಟೆಯಾಯಿತು.

ಜಲಪಾತ ಬಂತು. ದೇವರೇ! ಕಪ್ಪು ಬಂಡೆಯ ಮೇಲೆ ಕೆಟ್ಟ ನಲ್ಲಿಯಿಂದ ಇಳಿದ ಹಾಗೆ, ಕಲ್ಲಿಗೇ ಅಂಟಿ ಬೊಗಸೆಗೂ ಸಿಗದ ಒಂದು ಎಳೆ ನೀರು. ಕೆಳಗೆ ಪಾಚಿಗಟ್ಟಿದ ಹೊಂಡ, ಅದರ ಸುತ್ತ ಆಡಿನ ಹಿಕ್ಕೆ. ವಿಡಿಯೊ ಮಳೆಯ ದಿನದ್ದು.

"ಇದರಲ್ಲಿ ಹಾರ್ತೀಯಾ ಮಾರಾಯ? ಮೊಣಕಾಲು ಸಹ ಮುಳುಗುದಿಲ್ಲ" ಎಂದು ಉಡುಪಿಯವನು ನಕ್ಕ. ನಗುವಷ್ಟು ಉಗುಳು ಅವನ ಬಾಯಲ್ಲಿ ಇನ್ನೂ ಇತ್ತು. ಬ್ಯಾರಿ ಗೆಳೆಯ ಮಾತ್ರ ಸೊಂಟ ಹಿಡಿದು ಬಂಡೆಗೆ ಒರಗಿದ್ದ.

"ಪಪ್ಪಾ, ವೇರ್ ಈಸ್ ದ ವಾಟರ್?" ಮಗಳು ಕೇಳಿದಳು.

ಹೇಳಿಬಿಡಬಹುದಿತ್ತು. ಒಂದೇ ವಾಕ್ಯ. ನನ್ನ ನಾಲಿಗೆ ಬೇರೆ ದಾರಿ ಹಿಡಿಯಿತು. "ಅಂಕಲ್ ಹತ್ರ ಕೊಟ್ಟಿದ್ದೆನಲ್ಲ?" ಎಂದು ಬ್ಯಾರಿ ಗೆಳೆಯನತ್ತ ಕೈ ತೋರಿಸಿದೆ.

ಅವನು ನನ್ನನ್ನೇ ನೋಡಿದ. ನಾನು ಅವನಿಗೆ ಏನೂ ಕೊಟ್ಟಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಇನ್ನೇನು ಮರ್ಯಾದೆ ಹೋಯಿತು ಅಂದುಕೊಂಡೆ.

"ಓ, ಹೌದು ಮಾರಾಯ. ಕಾರಲ್ಲೇ ಬಿಟ್ಟೆ ಕಾಣ್ತದೆ. ನನ್ನ ತಲೆಗೆ ಎಂತಾಯ್ತೋ" ಎಂದ.

"ಹೌ ಕ್ಯಾನ್ ಯು ಫರ್ಗೆಟ್ ವಾಟರ್, ಅಂಕಲ್?" ಎಂದು ಮಗಳು ರೇಗಿದಳು. "ಸಾರಿ ಮಗಳೇ" ಎಂದನವನು. ಸುಕ್ಕದ ಪಾತ್ರೆ ಯಾರೂ ತೆರೆಯಲಿಲ್ಲ. ಒಣಗಿದ ಗಂಟಲಿಗೆ ಅಷ್ಟು ಮೆಣಸು ಯಾರು ಇಳಿಸುತ್ತಾರೆ?

ಇಳಿಯುವಾಗ ಅವನು ಹತ್ತು ಹೆಜ್ಜೆಗೊಮ್ಮೆ ನಿಂತ. ಎರಡು ಸಲ ಬೆನ್ನು ಬಾಗಿಸಿ ಕೂತೇ ಬಿಟ್ಟ. ಅವನ ಚಾಪೆ, ಡಬ್ಬಿ ನಾನು ಹೊತ್ತೆ, ಭಾರೀ ಪರೋಪಕಾರಿಯ ಹಾಗೆ. "ಅವನಿಗೆ ಏನಾದರೂ ಆದರೆ?" ಎಂದು ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದೆ, ಆದರೂ ನಿಜ ಹೇಳಲಿಲ್ಲ. ನಡುದಾರಿಯಲ್ಲಿ ಎದುರಾದ ಫಿಲಿಪೀನೊ ಚಾರಣಿಗರ ತಂಡ, ಅವನ ಮುಖ ನೋಡಿದ್ದೇ ಎರಡು ದೊಡ್ಡ ಬಾಟಲಿ ಕೊಟ್ಟಿತು. ಒಂದನ್ನು ಅವನು ನಿಂತಲ್ಲೇ ಮುಗಿಸಿದ. ಒಬ್ಬೊಬ್ಬರ ಬೆನ್ನಲ್ಲೂ ಮೂರು ಮೂರು ಲೀಟರ್ ನೀರಿತ್ತು. ಅವರ್ಯಾರೂ ಮಂಕರ ಹಾಗೆ ಕಾಣಲಿಲ್ಲ.

ಕಾರಿನಲ್ಲಿ ನಾನು ಮುಂದಿನ ಸೀಟು ಹಿಡಿದೆ. ಹಿಂದೆ ಮಗಳು ಮತ್ತು ಬ್ಯಾರಿ ಗೆಳೆಯ. ನೋವು ಇಳಿದು ಅವನ ಮುಖಕ್ಕೆ ಬಣ್ಣ ಬಂದಿತ್ತು. ಮಗಳು ತೀರ್ಪು ಕೊಟ್ಟಳು: "ನೆಕ್ಸ್ಟ್ ಟೈಮ್ ವಾಟರ್ ಪಪ್ಪಾ ಕ್ಯಾರಿ ಮಾಡ್ಲಿ. ಅಂಕಲ್‌ನ ಟ್ರಸ್ಟ್ ಮಾಡ್ಲಿಕ್ಕೆ ಆಗುದಿಲ್ಲ."

"ಹೌದು ಮಗಳೇ. ನಿನ್ನ ಅಪ್ಪನೇ ಅದಕ್ಕೆ ಸರಿ" ಎಂದನವನು. ಕುಟುಕು ಇಲ್ಲ, ವ್ಯಂಗ್ಯ ಇಲ್ಲ.

ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಬೈದಿದ್ದರೆ ಜಗಳಕ್ಕಾದರೂ ನಿಲ್ಲುತ್ತಿದ್ದೆ. "ನೀರು ಬಿಟ್ಟದ್ದು ಅಂಕಲ್ ಅಲ್ಲ. ನಾನು. ಭಾರ ಅಂತ ಬೇಕೆಂದೇ ಬಿಟ್ಟೆ" ಎಂದೆ, ಮುಂದಿನ ಗಾಜಿಗೆ ಹೇಳಿದ ಹಾಗೆ. ಉಡುಪಿಯವನು ಸ್ಟೀರಿಂಗ್ ಹಿಡಿದೇ, "ಥೂ ನಿನ್ನ!" ಎಂದ.

ಮಗಳು ಪಕ್ಕದಲ್ಲಿದ್ದ ಬ್ಯಾರಿ ಗೆಳೆಯನತ್ತ ತಿರುಗಿದಳು. "ದೆನ್ ವೈ ಡಿಡ್ ಯು ಸೇ ಇಟ್ ವಾಸ್ ಯು, ಅಂಕಲ್?" ಎಂದು ಅವನನ್ನು ಕೇಳಿದಳು.

"ಎಂತ ಮಾಡುದು ಮಗಳೇ? ನೀನು ಫಸ್ಟ್ ಟೈಮ್ ಅಪ್ಪನೊಟ್ಟಿಗೆ ಬಂದದ್ದಲ್ವಾ. ನಿನ್ನೆದುರು ಅವ ಸಣ್ಣವ ಆಗುದು ಬೇಡ ಅಂತ."

ಆಮೇಲೆ ಅವಳು ಮೆಲ್ಲಗೆ ಹೇಳಿದಳು: "ಪಪ್ಪಾ, ನಾನು ಇಷ್ಟೊತ್ತು ಅಂಕಲ್‌ಗೆ ಬೈತಾ ಇದ್ದೆ. ನೀನು ಕೇಳ್ತಾ ಕೂತಿದ್ದಿ."

ಗೆಳೆಯನಿಗೊಂದು ಬಾಟಲಿ ಕೊಡೋಣವೆಂದು ಹಿಂದಕ್ಕೆ ತಿರುಗಿದೆ. ಅಷ್ಟರಲ್ಲಿ ಮಗಳು ಸೀಟಿನ ಕೆಳಗಿನ ಕಾರ್ಟನ್ನಿನಿಂದ ಒಂದನ್ನು ತೆಗೆದು, ಮುಚ್ಚಳ ತಿರುಗಿಸಿ ಅವನ ಕೈಗೆ ಕೊಟ್ಟಾಗಿತ್ತು.