ಎರಡು ಸಾವಿರದ ಆರುನೂರು ಕಿಲೋ

ನಮ್ಮ ಭಾವನನ್ನು ಬೀದಿಯವರೆಲ್ಲ 'ಮಿಲಿಮೀಟರ್' ಎಂದೇ ಕರೆಯುತ್ತಾರೆ. ಲೇತ್ ಮಿಷನ್ನಿನಲ್ಲಿ ಕಬ್ಬಿಣ ಕಡೆಯುವುದು ಅವರ ಕಸುಬು. ಮನೆಯ ಬಾಗಿಲು ಕಿರುಗುಟ್ಟಿದರೆ ಎಣ್ಣೆ ಬಿಡುವ ಜಾಯಮಾನವಲ್ಲ. ಅಳತೆಪಟ್ಟಿ ಹಿಡಿದು ನೋಡಿ, "ಕೀಲು ಒಂದೂವರೆ ಮಿಲಿ ಜರುಗಿದೆ" ಎಂದು ತೀರ್ಪು ಕೊಡುತ್ತಾರೆ. "ನನ್ನನ್ನೂ ಅಳೆದು ನೋಡೇ ಒಪ್ಪಿರ್ಬೇಕು" ಎಂದು ಅಕ್ಕ ಗೊಣಗುತ್ತಾಳೆ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಎಷ್ಟು ಬೈದರೂ ಭಾವ ನಗುತ್ತಾರೆ, ಅದೇ ತೊಂದರೆ.

ಇಪ್ಪತ್ತೆರಡು ವರ್ಷ ಬೇರೆಯವರ ಮಿಷನ್ ಮುಂದೆ ನಿಂತು ಸವೆದ ಮೇಲೆ, ಹೋದ ವರ್ಷ ಅವರದೇ ಒಂದು ಲೇತ್ ಬಂತು. ಹಳೆಯದು, ಆರುನೂರು ಕಿಲೋ. ಗೆಳೆಯರ ಶೆಡ್ಡಿನ ಮೂಲೆಯಲ್ಲಿ ಅದನ್ನು ಇಟ್ಟುಕೊಂಡಿದ್ದರು. ಇಳಿಜಾರಿನ ಕೆಳಗೆ ಸ್ವಂತ ಶೆಡ್ ಸಿಕ್ಕಿದಾಗ ಸಾಗಿಸಬೇಕಾಯಿತು.

"ಲಾರಿ ಮಾಡ್ಬಿಡಿ ಭಾವ" ಎಂದೆ.

"ಅವರು ಮೂಟೆ ಎಸೆದ ಹಾಗೆ ಎಸೀತಾರೆ. ಕೆಳಗಿನ ಹಾಸು ಬಿರುಕು ಬಿಟ್ರೆ ಮುಗೀತು. ಎರಕದ ಕಬ್ಬಿಣ, ಬೆಸುಗೆ ಹಾಕಿದ್ರೂ ನೆಟ್ಟಗೆ ನಿಲ್ಲಲ್ಲ."

ಸರಿ, ತಮ್ಮ ಮಿನಿವ್ಯಾನಿಗೇ ಎರಡು ಚಕ್ರದ ಟ್ರೇಲರ್ ಕಟ್ಟಿ ಎಳೆಯುವುದೆಂದು ತೀರ್ಮಾನಿಸಿದರು. ಕೊಕ್ಕೆ ಕೂರಿಸಿದ ಮೆಕ್ಯಾನಿಕ್, "ಒಂದೂವರೆ ಟನ್ ಎಳೆದ್ರೂ ಇದು ಜಗ್ಗಲ್ಲ ಸಾರ್" ಎಂದ. "ಕೊಕ್ಕೆ ಜಗ್ಗಲ್ಲಪ್ಪ, ಬ್ರೇಕಿಗೆ ಯಾರು ಹೇಳ್ತಾರೆ?" ಎಂದು ಭಾವ ಮೂರು ದಿನ ವ್ಯಾನಿನ ಪುಸ್ತಕ ಓದಿದರು. ಟ್ರೇಲರಿನ ತೂಕ ಒಂಬೈನೂರು ಕಿಲೋ ದಾಟಬಾರದು. ವ್ಯಾನು, ಒಳಗಿನ ಸಾಮಾನು, ಕೂತ ಜನ, ಹಿಂದಿನ ಟ್ರೇಲರ್ ಎಲ್ಲ ಸೇರಿ ಎರಡು ಸಾವಿರದ ಆರುನೂರು ದಾಟಬಾರದು. ದಾಟಿದರೆ ಇಳಿಜಾರಿನಲ್ಲಿ ವ್ಯಾನು ಟ್ರೇಲರನ್ನು ಎಳೆಯುವುದಿಲ್ಲ, ಟ್ರೇಲರೇ ವ್ಯಾನನ್ನು ತಳ್ಳುತ್ತದೆ. ಊಟಕ್ಕೆ ಕೂತಾಗ ಲೋಟ, ಉಪ್ಪಿನ ಡಬ್ಬಿ ಜೋಡಿಸಿ ನನಗೆ ಪಾಠವೂ ಆಯಿತು.

ತೂಕ ನೋಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ವೇಬ್ರಿಡ್ಜಿನಲ್ಲಿದ್ದೇನೆ, ಹನ್ನೊಂದು ವರ್ಷದಿಂದ ಲಾರಿ ತೂಗಿ ಚೀಟಿ ಹರಿದು ಕೊಡುವುದೇ ನನ್ನ ಬದುಕು. ಆ ಭಾನುವಾರ ಬೆಳಿಗ್ಗೆ, ಹೊಸ ಶೆಡ್ಡಿನಲ್ಲಿ ಮಿಷನ್ ಮೊದಲ ಸಲ ತಿರುಗುವುದನ್ನು ನೋಡಲು ಅಕ್ಕ, ಅಮ್ಮ, ನಾನು ಮೂವರು ಹೆಂಗಸರೂ ಹೊರಟಿದ್ದೆವು. ಅಮ್ಮ ಒಳ್ಳೆಯ ಸೀರೆ ಉಟ್ಟಿದ್ದಳು. ವ್ಯಾನು, ಟ್ರೇಲರ್ ಎರಡೂ ತೂಕದ ತಟ್ಟೆಯ ಮೇಲೆ ನಿಂತವು.

"ಎಲ್ರೂ ಇಳೀರಿ" ಎಂದೆ.

ತೂಗುವಾಗ ಗಾಡಿಯಲ್ಲಿ ಡ್ರೈವರ್ ಕೂಡ ಇರಕೂಡದು. ಸರಕಿಗೆ ಜನರ ಭಾರ ಸೇರಬಾರದು ಎಂಬುದು ನಮ್ಮಲ್ಲಿ ನಿಯಮ. ದಿನಕ್ಕೆ ಎಂಬತ್ತು ಸಲ ಹೇಳುವ ಮಾತು, ನಾಲಿಗೆ ನನ್ನನ್ನು ಕೇಳದೆಯೇ ಹೇಳಿಬಿಟ್ಟಿತು. ಎಲ್ಲರೂ ಇಳಿದರು. ಎರಡು ಸಾವಿರದ ಐನೂರ ಐವತ್ತು ಬಂತು. "ಇನ್ನೂ ಐವತ್ತು ಕಿಲೋ ಜಾಗ ಇದೆ ಭಾವ" ಎಂದು ಚೀಟಿ ಕೊಟ್ಟೆ. ಆಮೇಲೆ ನಾವು ನಾಲ್ವರೂ ಹತ್ತಿ ಕೂತೆವು. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ನನ್ನ ಬುಡದಲ್ಲಿ ಇನ್ನೂರ ನಲವತ್ತು ಕಿಲೋ ಇತ್ತು. ಎಂಥ ಕತ್ತೆ ನಾನು!

ಇಳಿಜಾರಿನ ಅರ್ಧದವರೆಗೆ ಏನೂ ಆಗಲಿಲ್ಲ. ಭಾವ ಸಣ್ಣ ಗೇರಿನಲ್ಲಿ ನಿಧಾನವಾಗಿಯೇ ಇಳಿಸುತ್ತಿದ್ದರು. ತಿರುವಿನ ಹತ್ತಿರ ಹಿಂದಿನಿಂದ ಯಾರೋ ನೂಕಿದಂತಾಯಿತು. ಬ್ರೇಕ್ ಒತ್ತಿದರು. ಸುಟ್ಟ ವಾಸನೆ ಬಂತು, ವ್ಯಾನು ನಿಲ್ಲಲಿಲ್ಲ. ಟ್ರೇಲರ್ ಆಚೆ ಈಚೆ ಬಾಲ ಬೀಸತೊಡಗಿತು. ಆಗ ನನಗೆ ಲೆಕ್ಕ ಹೊಳೆಯಿತು. ಹೊಳೆದು ಏನು ಬಂತು? ಓಡುವ ಗಾಡಿಯಿಂದ ನಮ್ಮ ಭಾರವನ್ನು ಇಳಿಸಲು ಬರುತ್ತದೆಯೇ? ಅಮ್ಮನ ಕೈ ಹಿಡಿದು ಕೂತೆ, ಅಷ್ಟೇ ನನ್ನ ಕೈಲಾದದ್ದು. ಎಡಕ್ಕೆ ಮಣ್ಣಿನ ದಿಬ್ಬ, ಬಲಕ್ಕೆ ರಸ್ತೆಯ ಅಂಚು, ಅದರಾಚೆ ಆಳ. ಭಾವ ವ್ಯಾನನ್ನು ದಿಬ್ಬಕ್ಕೆ ಒರಗಿಸಿದರು. ವ್ಯಾನು ಮಣ್ಣು ಉಜ್ಜಿಕೊಂಡು ನಿಂತಿತು. ಟ್ರೇಲರ್ ಮಗುಚಿತು.

ನಮಗೆ ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ. ಲೇತಿನ ಹಾಸು ಮಾತ್ರ ಅಡ್ಡಕ್ಕೆ ಸೀಳಿತ್ತು. ಭಾವ ಮಂಡಿಯೂರಿ ಕೂತು ಬೆರಳಿನಿಂದ ಬಿರುಕನ್ನು ಕೊನೆತನಕ ಸವರಿದರು. ಅಕ್ಕ ಅತ್ತಳು. ಅಮ್ಮ ರಸ್ತೆಯಂಚಿನಲ್ಲಿ ನಿಂತು, "ಜೀವ ಉಳೀತಲ್ಲ, ಸಾಕು" ಎಂದು ಹತ್ತು ಸಲ ಹೇಳಿದಳು.

ಈಗ ಭಾವ ಮತ್ತೆ ಹಳೆಯ ಯಜಮಾನರ ಮಿಷನ್ ಮುಂದೆ ನಿಂತಿದ್ದಾರೆ. ಎರಡು ತಿಂಗಳು ನಾನು ಅವರ ಮುಖ ನೋಡಲಿಲ್ಲ. ಕಡೆಗೆ ತಡೆಯಲಾರದೆ ಒಂದು ಮಧ್ಯಾಹ್ನ ಅಲ್ಲಿಗೇ ಹೋದೆ.

"ತಪ್ಪು ನಂದು ಭಾವ. ಇಳೀರಿ ಅಂತ ಹೇಳಿದ್ದು ನಾನು. ನಮ್ಮ ತೂಕ ಸೇರಿಸಲೇ ಇಲ್ಲ."

ಅವರು ಕೈ ಒರೆಸಿಕೊಳ್ಳುತ್ತ, "ಗೊತ್ತು" ಎಂದರು. "ನೀವು ಹತ್ತುವಾಗ ವ್ಯಾನು ಹಿಂದೆ ನಾಲ್ಕು ಬೆರಳು ಕುಗ್ಗಿತು. ಕನ್ನಡೀಲಿ ನೋಡಿದೆ."

ನನಗೆ ರೇಗಿಹೋಯಿತು. "ನೋಡಿಯೂ ಸುಮ್ನಿದ್ರಾ? ನೀವಾ? ಒಂದು ಮಾತು ಹೇಳೋಕಾಗ್ಲಿಲ್ವಾ?"

"ನಿಧಾನ ಹೋದ್ರೆ ಆಗುತ್ತೆ ಅಂದ್ಕೊಂಡೆ ಕಣಮ್ಮ. ನಿಮ್ಮಮ್ಮ ಸೀರೆ ಉಟ್ಕೊಂಡು ಬಂದಿದ್ರು, ನಿಮ್ಮಕ್ಕ ಬೆಳಿಗ್ಗೆಯಿಂದ ಹಾಡಿಕೊಳ್ತಿದ್ಲು. ಯಾರನ್ನ ಇಳಿಸ್ಲಿ, ನೀನೇ ಹೇಳು."