ಅವ್ವನಿಗೆ ಕೊಟ್ಟ ಸಲಹೆ

ಆಗೆಲ್ಲ ಬೇಸಿಗೆ ಸೂಟಿ ಬಂತೆಂದರೆ ಅಕ್ಕಿಆಲೂರಿನ ಸಂತೆಯಿಂದ ನಮ್ಮ ಊರಿನ ತನಕ ಮಾವಿನದೇ ವಾಸನೆ. ಹುಲ್ಲಿನಲ್ಲಿ ಮುಚ್ಚಿಟ್ಟ ಕಾಯಿ ಹಣ್ಣಾಗುವ ವಾಸನೆ, ಒಲೆಯ ಮೇಲೆ ಬೆಲ್ಲದ ಜೊತೆ ಕುದಿಯುವ ಗುಳಂಬದ ವಾಸನೆ. ಉಪ್ಪುಖಾರ ಹಚ್ಚಿದ ಹೋಳು ತಿಂದು, ಕಾಯಿಯ ಸೋನೆ ತಾಗಿದ ತುಟಿ ನಾಲ್ಕು ದಿನ ಉರಿಯುತ್ತಿತ್ತು. ಓದುವವರಲ್ಲಿ ಹಾನಗಲ್ಲು, ಹಿರೇಕೆರೂರು ಕಡೆಯವರಿದ್ದರೆ ಆ ಉರಿ ಅವರಿಗೆ ಗೊತ್ತು.

ನಾನೀಗ ಅದೇ ಮಾವಿನ ವ್ಯಾಪಾರದಲ್ಲಿದ್ದೇನೆ. ಗಿಡದ ಮೇಲಿನ ಕಾಯಿ ನೋಡಿ ಇಡೀ ತೋಟದ ದರ ಮಾತಾಡುತ್ತೇನೆ. ಶಿಗ್ಗಾಂವಿ, ಸವಣೂರಿನ ದಲ್ಲಾಳಿಗಳು ನನ್ನೆದುರು ಕೂತರೆ ಚಹಾ ಆರುವ ತನಕ ಬಾಯಿ ಬಿಡುವುದಿಲ್ಲ. ಇಷ್ಟು ಚೌಕಾಶಿ ಎಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ಕಲಿತದ್ದು ನನಗೆ ಹನ್ನೆರಡು ವರ್ಷ ತುಂಬಿದ ಬೇಸಿಗೆಯಲ್ಲಿ. ಆ ಬೇಸಿಗೆ ಮನೆಯಿಂದ ಹೋದ ಅಪ್ಪ ತಿರುಗಿ ಬರಲಿಲ್ಲ.

ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಗಿರಣಿಯ ಮೋಟಾರು ಕಳುವಾಯಿತೆಂದು ಪೊಲೀಸರು ಅವನನ್ನೂ, ಅವನ ಜೊತೆ ಚೀಲ ಹೊರುತ್ತಿದ್ದ ಪಕ್ಕದ ಮನೆಯ ಮಾಬೂ ಕಾಕಾನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಯಾವ ಠಾಣೆ ಎಂದು ಬರೆಯುವುದಿಲ್ಲ. ಪ್ರಕರಣ ಇನ್ನೂ ಇದೆ, ವಕೀಲರು ಬೇಡ ಎಂದಿದ್ದಾರೆ. ಮೂರನೆಯ ದಿನ ಮಾಬೂ ಕಾಕಾ ಒಬ್ಬನೇ ಬಂದ. ಅಂಗಾಲು ಊದಿ ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ. ಅವ್ವ ಕೊಟ್ಟ ನೀರು ಕುಡಿದು, ಗೋಡೆಯ ಕಡೆ ಮುಖ ಮಾಡಿ ಹೇಳಿದ.

“ಗ್ವಾಡಿ ಆಚೆ ಕಡೆ ಇದ್ದ, ವೈನಿ. ಎರಡ ದಿನ ಚೀರೂದು ಕೇಳ್ತಿತ್ತು. ಆಮ್ಯಾಲ ಕೇಳಲಿಲ್ಲ. ಏನೋ ಎಳಕೊಂಡು ಹೋದಂಗ ಸಪ್ಪಳಾತು. ನನಗ ಗೊತ್ತಿದ್ದದ್ದು ಇಷ್ಟ.”

ಠಾಣೆಯಲ್ಲಿ ಹೇಳಿದ್ದು ಬೇರೆ. “ನಿನ್ನ ಗಂಡನ್ನ ಮೊದಲನೇ ದಿನಾನ ಬಿಟ್ಟೇವಿ. ಎಲ್ಲಿ ಓಡಿಹೋಗ್ಯಾನೋ ನೀನ ಹುಡುಕ್ಕೋ ಹೋಗು.”

ಊರಿನವರು ಯಾರೂ ನಮ್ಮನ್ನು ಬೈಯಲಿಲ್ಲ, ಬರೀ ದೂರವಾದರು. ನಾನು ಆಡಲು ಗಜಗದ ಕಾಯಿ ಹಿಡಿದು ಕಟ್ಟೆಗೆ ಹೋದರೆ ಗೆಳತಿಯರನ್ನು ಅವರ ಅವ್ವಂದಿರು ಒಬ್ಬೊಬ್ಬರನ್ನಾಗಿ ಒಳಗೆ ಕರೆಯುತ್ತಿದ್ದರು. ಹಿಟ್ಟು ತರಬೇಕು, ತಲೆ ಬಾಚಬೇಕು, ತಮ್ಮ ಅಳುತ್ತಾನೆ. ಕೊನೆಗೆ ನಾನು ಬಲಗೈ ಎಡಗೈಗಳನ್ನೇ ಎದುರಾಳಿ ಮಾಡಿಕೊಂಡು ಆಡಿದೆ. ಎಡಗೈ ಯಾವಾಗಲೂ ಸೋಲುತ್ತಿತ್ತು. ಅದಕ್ಕೆ ಒಂದು ಕಾಯಿ ಬಿಟ್ಟುಕೊಟ್ಟು ರಾಜಿ ಮಾಡಿಸುತ್ತಿದ್ದೆ. ಆಡಿ ಮುಗಿದ ಮೇಲೆ ಗೆದ್ದೆ ಎಂದು ಹೇಳಿಕೊಳ್ಳಲು ಯಾರೂ ಇರುತ್ತಿರಲಿಲ್ಲ.

ಅವ್ವನಿಗೆ ಓದು ಬರದು. ಅರ್ಜಿ ಬರೆಯುವವಳು ನಾನು, ಬೋರ್ಡು ಓದಿ ಬಸ್ಸು ಹತ್ತಿಸುವವಳು ನಾನು. ಎಲ್ಲಿ ಇಳಿಯಬೇಕು, ಯಾವ ಬಾಗಿಲಿಗೆ ಹೋಗಬೇಕು, ಎಲ್ಲ ನನ್ನನ್ನೇ ಕೇಳುತ್ತಿದ್ದಳು. ಕಂಡಕ್ಟರನ ಜೊತೆ ಅರ್ಧ ಟಿಕೆಟ್ಟಿನ ವಾದವೂ ನನ್ನದೇ.

“ಏನ ತಂಗಿ, ಹ್ವಾದ ವರ್ಷನೂ ಹನ್ನೊಂದ, ಈ ವರ್ಷನೂ ಹನ್ನೊಂದ? ನಿನಗ ವಯಸ್ಸ ಆಗೂದಿಲ್ಲೇನ?”

“ನಿಮಗ ಆಗೇತಲ್ರೀ, ಸಾಕ,” ಎಂದೆ. ಬಸ್ಸೆಲ್ಲ ನಕ್ಕಿತು. ಅಪ್ಪ ಹೋದ ಮೇಲೆ ಅವ್ವ ನಕ್ಕದ್ದು ಅದೊಂದೇ ಸಲ. ನನ್ನ ತಲೆ ಸವರಿ, “ನೀ ಒಬ್ಬಾಕಿ ಇದ್ರ ಸಾಕ ನೋಡ ನನಗ,” ಎಂದಳು.

ಮೊದಲನೆಯ ಅರ್ಜಿಯಲ್ಲಿ ‘ಕಾಣೆಯಾಗಿದ್ದಾರೆ’ ಎಂದಷ್ಟೇ ಬರೆದಿದ್ದೆ. ಅದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಎರಡನೆಯದರಲ್ಲಿ ಮಾಬೂ ಕಾಕಾ ಹೇಳಿದ್ದನ್ನೆಲ್ಲ ಬರೆದು, ‘ಹೊಡೆದು ಕೊಂದಿದ್ದಾರೆ, ತನಿಖೆ ಮಾಡಿಸಬೇಕು’ ಎಂದು ಮುಗಿಸಿದೆ. ದೊಡ್ಡ ಕಚೇರಿಯೊಂದರ ಗುಮಾಸ್ತ ಅದನ್ನು ಓದಿ, ಕನ್ನಡಕದ ಮೇಲಿಂದ ಅವ್ವನನ್ನು ನೋಡಿದ.

“ಹಣಿಮ್ಯಾಲ ಕಾಸಿನಗಲ ಕುಂಕುಮ ಐತಿ, ಕೈತುಂಬ ಹಸರ ಬಳಿ. ಕಾಗದದಾಗ ಗಂಡ ಸತ್ತಾನ ಅಂತಿ. ಯಾವುದು ಖರೇನವಾ? ಇದನ್ನ ಹ್ಯಾಂಗ ತಗೊಳ್ಳಲಿ ನಾ?”

ಅವ್ವ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಕಾಗದ ತಿರುಗಿ ನಮ್ಮ ಕೈಗೆ ಬಂತು.

ಮನೆಯಲ್ಲಿ ಅಪ್ಪನ ಅಕ್ಕ, ನಮ್ಮ ಗಂಗತ್ತಿ, ಒಂದೇ ಮಾತು ಹೇಳುತ್ತಿದ್ದಳು. “ಹೆಣಾ ನೋಡಲಾರದ ಕುಂಕುಮ ತಗದ್ರ ನನ್ನ ತಮ್ಮನ್ನ ನೀನ ಕೊಂದಂಗ. ಅವ ಬಂದು ಬಾಗಲದಾಗ ನಿಂತಾಗ ಬರೇ ಹಣಿ ತೋರಸ್ತೀಯೇನ?” ಅವ್ವನೂ ಬಾಗಿಲಿಗೆ ಅಗಳಿ ಹಾಕುತ್ತಿರಲಿಲ್ಲ. ಕೊಂದಿದ್ದಾರೆ ಎಂದು ಅರ್ಜಿಗೆ ಹೆಬ್ಬೆಟ್ಟು ಒತ್ತುವವಳೂ ಅವಳೇ, ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ಕುಂಕುಮ ಇಡುವವಳೂ ಅವಳೇ. ಎರಡೂ ನಿಜವಿರಬಹುದು ಎಂದು ನನಗೆ ಆಗ ಹೊಳೆಯಲಿಲ್ಲ. ನನಗೆ ಕಂಡದ್ದು ಕೆಲಸ ಕೆಡಿಸುತ್ತಿರುವ ಒಂದು ಅಡ್ಡಿ.

ಮುಂದಿನ ಸೋಮವಾರ ಬಸ್‌ಸ್ಟ್ಯಾಂಡಿನ ನಳದ ಹತ್ತಿರ ಅವ್ವನ ಸೆರಗು ಜಗ್ಗಿದೆ.

“ಅವ್ವಾ, ಇವತ್ತೊಂದಿನ ಒರಸಿಕೊ. ಸಂಜಿ ಮುಂದ ಮತ್ತ ಹಚ್ಚಿಕೊಂಡರಾತು. ಇಲ್ಲಿ ನಮ್ಮನ್ನ ಯಾರ ನೋಡ್ತಾರ?”

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವ್ವ ನಳ ತಿರುವಿದಳು. ಆಮೇಲೆ ಸೆರಗಿನ ತುದಿ ತೋಯಿಸಿ ಹಣೆ ಒರೆಸಿಕೊಂಡಳು. ಬಳೆ ಬಿಗಿಯಾಗಿದ್ದವು, ಕಳಚಿ ಬರಲಿಲ್ಲ. ನಾನು ಬಳೆಯ ವಿಚಾರ ಮಾಡಿಯೇ ಇರಲಿಲ್ಲ. ನೋಡುನೋಡುತ್ತ ಅವ್ವ ಕೂತು ಮುಂಗೈ ಕಲ್ಲಿಗೆ ಕುಕ್ಕಿದಳು, ಮೊದಲು ಬಲಗೈ, ಆಮೇಲೆ ಎಡಗೈ. ಬಳೆಚೂರು ಕೂಡಿಹಾಕಿ ಆಡುವ ವಯಸ್ಸು ನನ್ನದು. ಕೈ ತಾನಾಗಿ ಹೋಗಿ ಹಸಿರು ಚೂರುಗಳನ್ನು ಆರಿಸತೊಡಗಿತು. “ಬಿಡು,” ಎಂದಳು ಅವ್ವ. ಅಷ್ಟೇ.

ಗುಮಾಸ್ತ ಅವ್ವನ ಹಣೆ ನೋಡಿ, “ಈಗ ಬರಾಬರ್ ಆತು,” ಎಂದು ಮೊಹರು ಒತ್ತಿದ. ನಾನು ಗೆದ್ದೆ ಎಂದುಕೊಂಡೆ.

ಸಂಜೆ ಮನೆಗೆ ಬಂದ ತಕ್ಷಣ ಕುಂಕುಮದ ಬಟ್ಟಲು ತಂದು ಅವ್ವನ ಮುಂದೆ ಹಿಡಿದೆ.

“ತಗೀ ಅದನ. ಒರಸಿ ಹಚ್ಚೂದಲ್ಲ ಅದು.”

ಗಂಗತ್ತಿ ಎದೆ ಬಡಿದುಕೊಂಡು ಅತ್ತಳು, ಆಮೇಲೆ ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ಸತ್ತವನ ಹೆಂಡತಿಯೆಂದು ಊರಿನ ಹೆಂಗಸರು ಅವ್ವನನ್ನು ಹೊಸದಾಗಿ ದೂರವಿಟ್ಟರು. ಆ ರಾತ್ರಿಯಿಂದ ಅವ್ವ ಬಾಗಿಲಿಗೆ ಅಗಳಿ ಹಾಕಿದಳು.

ಎರಡು ವರ್ಷದ ಮೇಲೆ ವಿಚಾರಣೆ ಶುರುವಾಯಿತು. ಮಾಬೂ ಕಾಕಾ ಕೇಳಿದ್ದನ್ನು ಕೇಳಿದ ಹಾಗೆ ಹೇಳಿದ. ಆಮೇಲೆ ಇಲ್ಲಿರಲು ಹೆದರಿ ಯಲವಿಗಿಯ ಮಗಳ ಮನೆ ಸೇರಿದ. ಅವ್ವನ ಸರದಿ ಬಂದಾಗ ಎದುರಿನ ವಕೀಲ ಕೇಳಿದ, “ಗಂಡ ಹೋಗಿ ತಿಂಗಳಾದರೂ ಕುಂಕುಮ ಇಟ್ಟುಕೊಂಡಿದ್ದಿರಿ. ಅಂದರೆ ಬದುಕಿದ್ದಾನೆಂದು ನಿಮಗೆ ಗೊತ್ತಿತ್ತು. ಪರಿಹಾರದ ಆಸೆಗೆ ತೆಗೆದಿರಿ. ಹಾಗೆ ಮಾಡಲು ಹೇಳಿಕೊಟ್ಟವರು ಯಾರು?”

ನಾನು ಹಿಂದಿನ ಬೆಂಚಿನಲ್ಲಿದ್ದೆ.

“ಯಾರೂ ಹೇಳಿಲ್ರಿ. ನನಗ ತಿಳೀತು, ತಗದೆ.”

ಅವ್ವ ನನ್ನ ಕಡೆ ತಿರುಗಿ ನೋಡಲಿಲ್ಲ.

ಅಪ್ಪನ ಎಲುಬೂ ಸಿಕ್ಕಿಲ್ಲ. ಠಾಣೆಯ ಆ ದಿನಗಳ ದಾಖಲೆ ಪುಸ್ತಕ ಸಿಗುತ್ತಿಲ್ಲ ಎನ್ನುತ್ತಾರೆ. ಕೋರ್ಟಿನ ತಾರೀಖು ಮಾತ್ರ ಬರುತ್ತಿರುತ್ತದೆ, ಅವ್ವ ಒಂದನ್ನೂ ತಪ್ಪಿಸಿಲ್ಲ. ಇಂಥದ್ದು ನಿಮ್ಮ ಮನೆಗೆ ಬರದಿರಲಿ. ಬಂದರೆ ಇಷ್ಟು ಕೇಳಿಸಿಕೊಳ್ಳಿ: ಮೊದಲನೆಯ ದಿನವೇ ಬರೆದು ಕೊಡಿ, ಮೊಹರು ಬಿದ್ದ ಪ್ರತಿ ಇಲ್ಲದೆ ಬಾಗಿಲು ದಾಟಬೇಡಿ, ಒಬ್ಬರೇ ಹೋಗಬೇಡಿ, ತಿರುಗಿ ಬಂದವನ ಮೈಮೇಲಿನ ಪೆಟ್ಟುಗಳನ್ನು ಅವತ್ತೇ ಡಾಕ್ಟರಿಂದ ಬರೆಸಿಕೊಳ್ಳಿ. ಮಾಬೂ ಕಾಕಾನ ಅಂಗಾಲಿಗೆ ನಾವು ಅರಿಸಿನ ಹಚ್ಚಿದೆವೇ ಹೊರತು ಕಾಗದ ಮಾಡಿಸಲಿಲ್ಲ.

ಈ ಮಾತು ಕೇಳಲು ಬೇರೆ ಬೇರೆ ಊರಿನ ಹೆಣ್ಣುಮಕ್ಕಳು ನಮ್ಮ ಮನೆಗೆ ಬರುತ್ತಾರೆ. ಹಗಲೆಲ್ಲ ಜನ ನನ್ನನ್ನು ಕೇಳುತ್ತಲೇ ಇರುತ್ತಾರೆ, ತೋಟ ಕೊಡಲೋ, ಕೋರ್ಟಿಗೆ ಹೋಗಲೋ ಎಂದು. ಅವ್ವ ಮಾತ್ರ ಆ ಸೋಮವಾರದಿಂದ ಈಚೆಗೆ ಯಾವುದಕ್ಕೂ ನನ್ನ ಸಲಹೆ ಕೇಳಿಲ್ಲ. ಬಸ್ಸಿನ ಬೋರ್ಡನ್ನೂ ಬೇರೆಯವರಿಂದ ಓದಿಸುತ್ತಾಳೆ. ಒಂದೇ ಒಲೆಯ ಮುಂದೆ ಉಣ್ಣುತ್ತೇವೆ, ಸಾರು ಬೇಕೇ ಎನ್ನುತ್ತಾಳೆ. ನನ್ನನ್ನು ಕೇಳಿಕೊಂಡು ಹೆಜ್ಜೆ ಇಡುತ್ತಿದ್ದ ಅವ್ವ ಆ ನಳದ ಹತ್ತಿರವೇ ಉಳಿದಳು.

ಮೊನ್ನೆ ದುಂಡಸಿಯಿಂದ ಒಬ್ಬಳು ಬಂದಳು. ವಿಚಾರಣೆಗೆಂದು ಕರೆದೊಯ್ದ ಗಂಡ ತಿರುಗಿ ಬಂದಿಲ್ಲ. ನನ್ನ ಮಾತನ್ನೆಲ್ಲ ತಲೆದೂಗಿ ಕೇಳಿ, ಕೊನೆಗೆ ದನಿ ತಗ್ಗಿಸಿದಳು.

“ಅಕ್ಕಾರ, ಕುಂಕುಮ ಇಟಗೊಂಡ ಹೋಗ್ಲೋ, ಅಳಿಸಿ ಹೋಗ್ಲೋ?”

ಒಳಗೆ ಅಕ್ಕಿ ಆರಿಸುತ್ತಿದ್ದ ಅವ್ವ ಮೊರ ಕೆಳಗಿಟ್ಟು ಹೊಸ್ತಿಲ ತನಕ ಬಂದಳು.

“ಉಳದದ್ದೆಲ್ಲಾ ಆಕೀನ್ನ ಕೇಳವಾ, ಚಂದ ಹೇಳ್ತಾಳ,” ಎಂದಳು. “ಅದೊಂದ ಕೇಳಬ್ಯಾಡ.”